ಅರಿಜೋನಾದ ಕಳ್ಳಿ ಕಾಡಲ್ಲಿ ಅಪ್ಪನ ಜೊತೆ ಡ್ರೈವ್: ಯಾವ ರೋಡು, ಯಾವ ಹೊತ್ತು?

ಮಳೆಪುಸ್ತಕ_ಸೋಮವಾರಪೇಟೆ:

ಎಲ್ಲರಿಗೂ ನಮಸ್ಕಾರ. ನಮ್ದು ಸೋಮವಾರಪೇಟೆ ಹತ್ರ ಸಣ್ಣ ಕಾಫಿ ತೋಟ, ಅರೇಬಿಕಾ ಜಾಸ್ತಿ, ಕೆಳಗಿನ ಪಟ್ಟೆಯಲ್ಲಿ ಸ್ವಲ್ಪ ರೋಬಸ್ಟಾ. ತಂಗಿ ಅಮೆರಿಕದ ಫೀನಿಕ್ಸಲ್ಲಿ ಕೆಲಸದಲ್ಲಿದ್ದಾಳೆ, ನಾಲ್ಕು ವರ್ಷದಿಂದ ಬನ್ನಿ ಬನ್ನಿ ಅಂತಿದ್ಳು, ಅಪ್ಪ ಮಾತ್ರ ತೋಟ ಬಿಟ್ಟು ಕದಲ್ತಿರಲಿಲ್ಲ. ಮೊನ್ನೆ ದೀಪಾವಳಿ ಟೈಮಲ್ಲಿ ಅವಳು ವಿಡಿಯೋ ಕಾಲ್ ಮಾಡಿದಾಗ ಕಾರಲ್ಲಿದ್ಳು, ಕಿಟಕಿ ಆಚೆ ಫೋನ್ ತಿರುಗಿಸಿ ತೋರಿಸಿದ್ಳು, ಗುಡ್ಡ ಪೂರ್ತಿ ಕಳ್ಳಿ, ಒಂದೊಂದೂ ಕರೆಂಟ್ ಕಂಬದಷ್ಟು ಎತ್ತರ, ಕೈ ಎತ್ತಿ ನಿಂತ ಜನದ ಥರ. ಅಪ್ಪ ಫೋನ್ ಕೈಗೆ ತಗೊಂಡು ಎಷ್ಟೋ ಹೊತ್ತು ನೋಡಿ, ಇದು ಮಳೆ ಇಲ್ದೆ ಹೇಗೆ ಇಷ್ಟು ಬೆಳೀತು ಅಂತ ಕೇಳಿದ್ರು. ಮಾರನೇ ದಿನ ಬೆಳಗ್ಗೆ ಕಾಫಿ ಕುಡೀತಾ ಕುಡೀತಾ ಅವರೇ, ಪಾಸ್‌ಪೋರ್ಟ್ ಮಾಡಿಸೋಕೆ ಏನು ಬೇಕು ಅಂದ್ರು.

ಅಪ್ಪಂಗೆ ಈಗ 74. ಅವರ ಹತ್ರ ಒಂದು ಮಳೆ ಪುಸ್ತಕ ಇದೆ, ಅಜ್ಜನ ಕಾಲದ ತಾಮ್ರದ ರೈನ್‌ಗೇಜಲ್ಲಿ ದಿನಾ ಬೆಳಗ್ಗೆ ಎಂಟಕ್ಕೆ ಅಳೆದು ಇಂಚು ಸೆಂಟ್ (ಇಂಚಿನ ನೂರನೇ ಭಾಗ) ಲೆಕ್ಕದಲ್ಲಿ ಬರೆದಿಡ್ತಾರೆ, ಜ್ವರ ಬಂದ್ರೂ ತಪ್ಪಿಸಿಲ್ಲ. ಜೀವಮಾನ ಪೂರ್ತಿ ಮಳೆ ಎಣಿಸಿದ ಮನುಷ್ಯಂಗೆ ಮಳೆ ಇಲ್ಲದ ಕಾಡು ತೋರಿಸ್ಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಈ ಟ್ರಿಪ್ಪನ್ನ ಸರಿಯಾಗಿ ಮಾಡ್ಬೇಕು, ಸುಮ್ನೆ ಫೋಟೋ ಹೊಡೆದು ಓಡಿ ಬರೋ ಥರ ಬೇಡ.

ರೋಬಸ್ಟಾ ಕುಯ್ಲು, ಸ್ಪ್ರಿಂಕ್ಲರ್, ಹೂವು ಎಲ್ಲ ಮುಗಿದ ಮೇಲೆ ಏಪ್ರಿಲ್ ಕೊನೇ ವಾರ ಹೊರಡಬಹುದು, ಮಳೆ ಹಿಡಿಯೋ ಮುಂಚೆ ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಸ್ಬೇಕಲ್ಲ, ಹಾಗಾಗಿ ಮೇ 20ರ ಒಳಗೆ ಮನೇಲಿ ಇರ್ಬೇಕು. ಅಪ್ಪಂಗೆ ಎಡಗಾಲು ಮಂಡಿ ನೋವು, ಒಂದು ಫರ್ಲಾಂಗ್ ನಡೀತಾರೆ, ಅದಕ್ಕಿಂತ ಜಾಸ್ತಿ ಕಷ್ಟ. ಕಾರಲ್ಲೇ ಕೂತು ನೋಡ್ಬಹುದಾದ ಒಳ್ಳೇ ರೋಡ್ ಯಾವ್ದು? ಮೇ ತಿಂಗಳ ಬಿಸಿಲು ಅವರಿಗೆ ತಡೆಯುತ್ತಾ? ಬಾಡಿಗೆ ಕಾರ್ ನಾನೇ ಓಡಿಸಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ನಾಪೋಕ್ಲು_ಟು_ಟೂಸಾನ್:

ಅಣ್ಣ, ನಿಮ್ಮ ಪೋಸ್ಟ್ ನೋಡಿ ತುಂಬ ಖುಷಿ ಆಯ್ತು. ನಾನು ಆರು ವರ್ಷ ಟೂಸಾನಲ್ಲಿ ಇದ್ದೆ, ಓದೋಕೆ ಹೋಗಿ ಆಮೇಲೆ ಕೆಲಸ, ಈಗ ವಾಪಸ್ ನಾಪೋಕ್ಲಲ್ಲೇ ಇದ್ದೀನಿ. ಮೊದಲು ಹೆಸರು: ಆ ದೊಡ್ಡ ಕಳ್ಳಿಗೆ ಅಲ್ಲಿ ‘ಸವಾರೊ’ ಅಂತಾರೆ, ಸ್ಪೆಲಿಂಗಲ್ಲಿ ಗ ಇದೆ, ಆದ್ರೆ ಯಾರೂ ಅದನ್ನ ಉಚ್ಚಾರ ಮಾಡಲ್ಲ. ನೀವು ಹೋಗ್ಬೇಕಾದ್ದು ಸವಾರೊ ನ್ಯಾಷನಲ್ ಪಾರ್ಕಿಗೆ. ಫೀನಿಕ್ಸಿಂದ ಟೂಸಾನ್‌ಗೆ ಸುಮಾರು 180 ಕಿಮೀ, ಐ-10 ಹೈವೇಲಿ ಎರಡು ಗಂಟೆ ಒಳಗೆ ಮುಟ್ತೀರ.

ಪಾರ್ಕ್ ಎರಡು ಭಾಗ, ಊರಿಗೆ ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಒಂದು, ಮಧ್ಯದಲ್ಲಿ ಟೂಸಾನ್ ಊರು. ಇದು ಗೊತ್ತಿಲ್ದೆ ತುಂಬ ಜನ ಒಂದು ಕಡೆ ಹೋಗಿ ಇನ್ನೊಂದರ ರೋಡ್ ಹುಡುಕ್ತಾರೆ. ಅಪ್ಪನ ಜೊತೆ ಅಂದ್ರೆ ಕಣ್ಣು ಮುಚ್ಕೊಂಡು ಪೂರ್ವದ ಕಡೆಗೆ ಹೋಗಿ, ಅಲ್ಲಿ ‘ಕ್ಯಾಕ್ಟಸ್ ಫಾರೆಸ್ಟ್ ಡ್ರೈವ್’ ಅಂತ 8 ಮೈಲಿ ರೋಡ್ ಇದೆ, ಅಂದ್ರೆ ಹತ್ತಿರ ಹತ್ತಿರ 13 ಕಿಮೀ, ಪೂರ್ತಿ ಡಾಂಬರು, ಹೆಚ್ಚಿನ ಭಾಗ ಒನ್‌ವೇ, ಹೊರಟಲ್ಲಿಗೇ ಸುತ್ತಿ ಬರುತ್ತೆ. ಏರು ಇಳಿವು ತಿರುವು ಎಲ್ಲ ಇದೆ, ನಮ್ಮ ಮಡಿಕೇರಿ ಘಾಟ್ ಓಡಿಸಿದವರಿಗೆ ಅದು ಏನೂ ಅಲ್ಲ. ಎದುರಿಂದ ಬಸ್ ಬರಲ್ಲ ಅನ್ನೋದೇ ದೊಡ್ಡ ನೆಮ್ಮದಿ. ಅಲ್ಲಲ್ಲಿ ಕಾರ್ ಬದಿಗೆ ಹಾಕೋಕೆ ಜಾಗ ಬಿಟ್ಟಿದ್ದಾರೆ, ಪ್ರತಿ ಜಾಗದಲ್ಲೂ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗ್ಲಾಸ್ ಇಳಿಸಿ. ಮರಕುಟಿಗದ ಸದ್ದು, ಪಾರಿವಾಳದ ಸದ್ದು ಬಿಟ್ರೆ ಏನೂ ಕೇಳಲ್ಲ. ಓಡಿಸ್ತಾನೇ ಇದ್ರೆ ಅರ್ಧ ಗಂಟೇಲಿ ಮುಗಿಯುತ್ತೆ, ನಾನು ಮನೆಯವರನ್ನ ಕರ್ಕೊಂಡು ಹೋದಾಗ ಮೂರು ಗಂಟೆ ಆಯ್ತು, ಅದೂ ಸಾಲ್ಲಿಲ್ಲ.

ನಡೆಯೋದಿದ್ರೆ ಅದೇ ರೋಡಲ್ಲಿ ‘ಡೆಸರ್ಟ್ ಇಕಾಲಜಿ ಟ್ರೇಲ್’ ಅಂತ ಕಾಲು ಮೈಲಿ ದಾರಿ ಇದೆ, ನೆಲ ಸಮ ಮಾಡಿ ಹಾಸಿದ್ದಾರೆ, ವೀಲ್‌ಚೇರೂ ಹೋಗುತ್ತೆ. ನೀವು ಹೇಳಿದ ಒಂದು ಫರ್ಲಾಂಗ್ ಲೆಕ್ಕಕ್ಕೆ ಅರ್ಧ ಫರ್ಲಾಂಗ್ ಹೋಗಿ ವಾಪಸ್ ಬಂದ್ರೂ ಸಾಕು, ಯಾಕಂದ್ರೆ ಅಲ್ಲಿ ಸವಾರೊ ಹತ್ರ ನಿಂತು ನೋಡಬಹುದು. ದೂರದಿಂದ ಅದು ಹಸಿರು ಕಂಬ, ಹತ್ರ ಹೋದ್ರೆ ಮೈ ಪೂರ್ತಿ ಮೇಲಿಂದ ಕೆಳಗೆ ನೆರಿಗೆ, ಸೀರೆ ನೆರಿಗೆ ಹಿಡಿದ ಹಾಗೆ. ಮಳೆ ಬಂದಾಗ ನೀರು ಕುಡಿದು ಆ ನೆರಿಗೆ ಬಿಚ್ಚಿಕೊಂಡು ಮೈ ಉಬ್ಬುತ್ತೆ, ಒಣಗಿದ ಕಾಲದಲ್ಲಿ ಮತ್ತೆ ಒಳಗೆ ಸೇರುತ್ತೆ. ನಾನು ಮೊದಲ ಸಲ ಜೂನಲ್ಲಿ ನೋಡಿದಾಗ ನೆರಿಗೆ ನನ್ನ ಬೆರಳು ಮುಚ್ಚುವಷ್ಟು ಆಳ ಇತ್ತು, ಅದೇ ಗಿಡ ಸೆಪ್ಟೆಂಬರಲ್ಲಿ ನೋಡಿದ್ರೆ ಮೈ ತುಂಬಿ ದುಂಡಗೆ ನಿಂತಿತ್ತು, ಒಂದು ನಿಮಿಷ ಬೇರೆ ಗಿಡ ಅಂತಾನೇ ಅಂದ್ಕೊಂಡೆ. ನೀವು ಹೋಗೋದು ಮಳೆಗೆ ಮುಂಚೆ, ನೆರಿಗೆ ಆಳವಾಗೇ ಇರುತ್ತೆ. ಹೆಚ್ಚಿನ ಬೇರು ಆಳಕ್ಕೆ ಹೋಗಲ್ಲ, ನೆಲದಿಂದ ನಾಲ್ಕೈದು ಇಂಚಲ್ಲೇ ಸುತ್ತ ಹರಡಿರುತ್ತೆ, ಗಿಡ ಎಷ್ಟು ಎತ್ತರವೋ ಹತ್ತಿರ ಹತ್ತಿರ ಅಷ್ಟೇ ದೂರ, ಬಿದ್ದ ಹನಿ ಇಂಗೋ ಮುಂಚೆ ಹಿಡಿಯೋಕೆ.

ತೂತುಗಳನ್ನ ಅಪ್ಪಂಗೆ ತೋರಿಸಿ. ಮರಕುಟಿಗ ಗೂಡಿಗೆ ಅಂತ ಕೊರೆಯುತ್ತೆ, ಗಿಡ ಆ ಗಾಯದ ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತೆ, ಒಳಗಿನ ನೀರು ಸೋರದ ಹಾಗೆ. ಮರಕುಟಿಗ ಬಿಟ್ಟು ಹೋದ ಮೇಲೆ ಅದರಲ್ಲಿ ಗುಬ್ಬಿಯಷ್ಟೇ ಇರೋ ಪುಟ್ಟ ಗೂಬೆ ಬಂದು ಇರುತ್ತೆ. ಗಿಡ ಸತ್ತು ಕೊಳೆತು ಹೋದ್ರೂ ಆ ಕವಚ ಉಳಿಯುತ್ತೆ, ಒಂದು ಬಿದ್ದಿದ್ದನ್ನ ನೋಡಿದ್ದೆ, ನಮ್ಮ ಸೋರೆಬುರುಡೆ ಥರಾನೇ, ಒರಟು, ಕಂದು ಬಣ್ಣ. ಅಲ್ಲಿನ ಮೂಲ ಜನ ಅದನ್ನ ಪಾತ್ರೆ ಹಾಗೆ ಬಳಸ್ತಿದ್ರಂತೆ. ಪಾರ್ಕಿಂದ ಕಲ್ಲು ಕಡ್ಡಿ ಏನೂ ತರೋ ಹಾಗಿಲ್ಲ, ನೋಡಿ ಅಲ್ಲೇ ಬಿಡಿ.

ಇನ್ನು ಟೈಮ್. ನಿಮ್ಮ ಅದೃಷ್ಟ ಅಂತಾನೇ ಹೇಳ್ಬೇಕು, ಏಪ್ರಿಲ್ ಕೊನೆಯಿಂದ ಜೂನ್ ಶುರುವರೆಗೆ ಸವಾರೊ ಹೂ ಬಿಡೋ ಕಾಲ. ಬಿಳಿ ಹೂ, ಮೇಣದ ಹಾಗೆ ದಪ್ಪ ಎಸಳು, ತುದೀಲಿ ಕಿರೀಟ ಇಟ್ಟ ಹಾಗೆ ಗುಂಪಾಗಿ. ಸೂರ್ಯ ಮುಳುಗಿದ ಮೇಲೆ ಅರಳೋಕೆ ಶುರು, ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತೆ, ಒಂದು ಹೂವಿಗೆ ಅಷ್ಟೇ ಆಯಸ್ಸು. ರಾತ್ರಿ ಬಾವಲಿ ಬರುತ್ತೆ, ಬೆಳಗ್ಗೆ ಜೇನ್ನೊಣ, ಪಾರಿವಾಳ. ಅದಕ್ಕೇ ಬೆಳಗ್ಗೆ ಹೋಗಿ. ಮೇ ಶುರುವಲ್ಲಿ ಅಲ್ಲಿ ಐದೂವರೆ ಹೊತ್ತಿಗೆ ಸೂರ್ಯ ಹುಟ್ತಾನೆ, ಆಗ್ಲೇ ಒಳಗೆ ಇರಿ, ಒಂಬತ್ತೂವರೆ ಹತ್ತಕ್ಕೆ ಹೊರಗೆ ಬಂದ್ಬಿಡಿ. ಮಧ್ಯಾಹ್ನ 32-35 ಡಿಗ್ರಿ ಹೋಗುತ್ತೆ, ನಮ್ಮ ಹಾಗೆ ಬೆವರಲ್ಲ, ಬೆವರು ಅಲ್ಲೇ ಆರಿ ಹೋಗೋದ್ರಿಂದ ನೀರು ಕಮ್ಮಿ ಆಗಿದ್ದು ಗೊತ್ತೇ ಆಗಲ್ಲ. ವಯಸ್ಸಾದವರಿಗೆ ಇದೇ ಅಪಾಯ, ಬಾಯಾರಿಕೆ ಆಗ್ಲಿ ಬಿಡ್ಲಿ ಕುಡಿಸ್ತಾನೇ ಇರಿ, ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಇಟ್ಕೊಳ್ಳಿ.

ಪಶ್ಚಿಮದ ಕಡೆ ‘ಬಜಾಡಾ ಲೂಪ್’ ಇದೆ, ಐದಾರು ಮೈಲಿ, ಮಣ್ಣಿನ ರೋಡ್. ಸವಾರೊ ದಟ್ಟ ಅಲ್ಲೇ ಜಾಸ್ತಿ, ಸಿಗ್ನಲ್ ಹಿಲ್ ಅನ್ನೋ ಗುಡ್ಡದ ಬಂಡೆ ಮೇಲೆ ಹೊಹೊಕಾಮ್ ಅನ್ನೋ ಹಳೇ ಕಾಲದ ಜನ ಕೆತ್ತಿದ ಸುರುಳಿ ಚಿತ್ರ ಇವೆ. ಹತ್ರದಲ್ಲೇ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂ, 1952ರಲ್ಲಿ ಶುರುವಾಗಿದ್ದು, ಹೆಸರಿಗೆ ಮ್ಯೂಸಿಯಂ, ಹೆಚ್ಚಿನದೆಲ್ಲ ಬಯಲಲ್ಲೇ ಇದೆ, ಅದಕ್ಕೂ ಬೆಳಗ್ಗೆನೇ ಹೋಗ್ಬೇಕು. ಹಾಗಾಗಿ ಒಂದೇ ದಿನಕ್ಕೆ ಎರಡೂ ಕಡೆ ತುರುಕ್ಬೇಡಿ, ಟೂಸಾನಲ್ಲಿ ಎರಡು ರಾತ್ರಿ ಉಳ್ಕೊಳ್ಳಿ. ನಾನಿದ್ದಾಗ ಒಂದು ಕಾರಿಗೆ 25 ಡಾಲರ್, ಏಳು ದಿನ ನಡೀತಿತ್ತು, ಎರಡೂ ಭಾಗಕ್ಕೆ ಅದೇ ಟಿಕೆಟ್.

ಗೋಣಿಕೊಪ್ಪ_ಸ್ಟೀರಿಂಗ್:

ಅಕ್ಕ ಎಲ್ಲ ಚೆನ್ನಾಗಿ ಹೇಳಿದ್ದಾರೆ, ನಾನು ಡ್ರೈವಿಂಗ್ ವಿಷಯ ಮಾತ್ರ ಹೇಳ್ತೀನಿ. ಎರಡು ವರ್ಷ ಹಿಂದೆ ಮಗಳ ಮನೆಗೆ ಹೋದಾಗ ಓಡಿಸಿದ್ದು.

ನಮ್ಮ ಲೈಸೆನ್ಸ್ ಇಂಗ್ಲಿಷಲ್ಲೇ ಇರುತ್ತಲ್ಲ, ಅದರ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಮಡಿಕೇರಿ ಆರ್‌ಟಿಒದಲ್ಲಿ ಮಾಡಿಸ್ಕೊಳ್ಳಿ, ವೀಸಾ ಟಿಕೆಟ್ ಕಾಪಿ ಎಲ್ಲ ತಗೊಂಡು ಹೋಗಿ, ಕಾರ್ ಕೊಡೋರು ಎರಡೂ ಒಟ್ಟಿಗೆ ತೋರಿಸಿದ್ರೆ ಜಾಸ್ತಿ ಪ್ರಶ್ನೆ ಕೇಳಲ್ಲ. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಗಾಡಿ ಓಡೋದು ರೋಡಿನ ಬಲಕ್ಕೆ. ಹೈವೇಲಿ ತೊಂದರೆ ಆಗಲ್ಲ, ಎಲ್ಲರ ಹಿಂದೆ ಹೋಗ್ತೀರಿ, ತೊಂದರೆ ಆಗೋದು ಬೆಳಗ್ಗೆ ಖಾಲಿ ರೋಡಿಗೆ ಪೆಟ್ರೋಲ್ ಬಂಕಿಂದ ಹೊರಗೆ ತಿರುಗುವಾಗ, ಕೈ ತನ್ನಷ್ಟಕ್ಕೆ ಎಡಕ್ಕೆ ಹೋಗುತ್ತೆ. ಪಕ್ಕದಲ್ಲಿ ಕೂತ ತಂಗಿಗೆ ಹೇಳಿಡಿ, ಪ್ರತಿ ತಿರುವಲ್ಲೂ ಬಲ ಬಲ ಅಂತ ಹೇಳ್ತಾ ಇರ್ಲಿ. ಮೊದಲ ಎರಡು ದಿನ ತಂಗಿನೇ ಓಡಿಸಿದ್ರೆ ಇನ್ನೂ ಒಳ್ಳೇದು, ದೂರದ ಪ್ರಯಾಣ ಮುಗಿಸಿದವರಿಗೆ ನಿದ್ದೆ ಯಾವಾಗ ಬರುತ್ತೆ ಗೊತ್ತಾಗಲ್ಲ.

ಇದು ನನಗೆ ಆಗಿದ್ದು, ದಯವಿಟ್ಟು ಗಮನಿಸಿ. ಪಶ್ಚಿಮದ ಮಣ್ಣಿನ ರೋಡಿಗೆ ನಾನು ಬಾಡಿಗೆ ಕಾರನ್ನೇ ತಗೊಂಡು ಹೋದೆ. ಎಸ್ಟೇಟ್ ಜೀಪ್ ಓಡಿಸಿದ ಅಭ್ಯಾಸ, ಈ ರೋಡ್ ಏನು ಮಹಾ ಅನ್ನಿಸ್ತು. ನೋಡೋಕೆ ಸಮ ಇದೆ, ಆದ್ರೆ ಅಡ್ಡಕ್ಕೆ ಸಣ್ಣ ಸಣ್ಣ ಏರಿಳಿತ, ತಗಡಿನ ಶೀಟ್ ಮೇಲೆ ಹೋದ ಹಾಗೆ ಗಾಡಿ ನಡುಗುತ್ತೆ. ಒಂದು ಚೂಪು ಕಲ್ಲಿಗೆ ಟೈರ್ ಪಕ್ಕ ಸೀಳಿ ಹೋಯ್ತು. ಡಿಕ್ಕಿ ತೆಗೆದ್ರೆ ಸ್ಟೆಪ್ನಿನೇ ಇಲ್ಲ, ಗಾಳಿ ತುಂಬೋ ಸಣ್ಣ ಮೆಷಿನ್ ಮಾತ್ರ. ಹನ್ನೊಂದು ಗಂಟೆ ಬಿಸಿಲು, ಹೆಂಡತಿ ಮಗಳು ಕಾರೊಳಗೆ. ಒಬ್ಬ ಸೈಕಲ್ ಸವಾರ ನಿಂತು ನೀರು ಕೊಟ್ಟು ಸಹಾಯಕ್ಕೆ ಫೋನ್ ಮಾಡಿಕೊಟ್ಟ, ಎಳೆಯೋ ಗಾಡಿ ಬರೋಕೆ ಎರಡು ಗಂಟೆ. ಆಮೇಲೆ ಗೊತ್ತಾಗಿದ್ದು, ಅಗ್ರಿಮೆಂಟಲ್ಲಿ ಡಾಂಬರು ಇಲ್ಲದ ರೋಡಿಗೆ ಹೋದ್ರೆ ಇನ್ಶೂರೆನ್ಸ್ ಇಲ್ಲ ಅಂತ ಬರೆದಿತ್ತು, ಟೈರು ರಿಮ್ಮು ಎಲ್ಲ ನನ್ನ ಕೈಯಿಂದಲೇ ಹೋಯ್ತು. ಸೈನ್ ಮಾಡೋ ಮುಂಚೆ ಕೇಳಿ. ಪಶ್ಚಿಮಕ್ಕೆ ಹೋಗೋದಾದ್ರೆ ತಂಗಿ ಕಾರಲ್ಲಿ ಹೋಗಿ, ನಿಧಾನಕ್ಕೆ.

ಪಾರ್ಕ್ ರೋಡಲ್ಲಿ ಬೆಳಗ್ಗೆ ಸೈಕಲ್‌ನವರು ತುಂಬ. ಕಾಡುಹಂದಿ ಥರ ಇರೋ ಹವೆಲಿನಾ ಅನ್ನೋ ಪ್ರಾಣಿ ಗುಂಪಲ್ಲಿ ದಾಟುತ್ತೆ, ಆಮೆ ಕೂಡ. ತಿತಿಮತಿ ರೋಡಲ್ಲಿ ಆನೆಗೆ ಹೇಗೆ ಕಾಯ್ತೀವೋ ಹಾಗೆ ಕಾಯ್ಬೇಕು, ಹಾರ್ನ್ ಹೊಡೀಬೇಡಿ.

ಮಳೆಪುಸ್ತಕ_ಸೋಮವಾರಪೇಟೆ:

ನಾಪೋಕ್ಲು ಅಕ್ಕ, ಗೋಣಿಕೊಪ್ಪ ಅಣ್ಣ, ಇಬ್ಬರಿಗೂ ತುಂಬ ಥ್ಯಾಂಕ್ಸ್. ಎರಡೂ ರಿಪ್ಲೈ ಅಪ್ಪಂಗೆ ಓದಿ ಹೇಳಿದೆ. ಗೋಣಿಕೊಪ್ಪ ಅಣ್ಣ ಹೇಳಿದ್ದು ಕೇಳಿ, ಡಾಂಬರು ರೋಡೇ ಸಾಕು ಅಂದ್ರು. ಆದ್ರೆ ಅವರ ಪ್ರಶ್ನೆ ಬೇರೆ: ಅಷ್ಟು ಬಿಸಿಲಲ್ಲಿ ಸಸಿ ಹೇಗೆ ಬದುಕುತ್ತೆ? ದೊಡ್ಡದಾದ ಮೇಲೆ ಸರಿ, ಮೊದಲ ವರ್ಷ ಯಾರು ಕಾಯ್ತಾರೆ ಅಂತ. ನಮ್ಮಲ್ಲಿ ಕಾಫಿ ಸಸಿ ನೆಟ್ರೆ ಮೊದಲ ಬೇಸಿಗೆಗೆ ಪಕ್ಕದಲ್ಲಿ ಸೊಪ್ಪು ಚುಚ್ಚಿ ನೆರಳು ಮಾಡ್ತೀವಲ್ಲ, ಅದನ್ನೇ ತಲೇಲಿ ಇಟ್ಕೊಂಡು ಕೇಳಿದ್ದು. ಇನ್ನೊಂದು, ಪಿರಿಯಾಪಟ್ಟಣ ಹುಣಸೂರು ಕಡೆ ಬೇಲೀಲಿ ಇರೋ ಕಳ್ಳಿಗೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ ಅಂತಾನೂ ಕೇಳ್ತಿದ್ದಾರೆ.

ವಿರಾಜಪೇಟೆ_ಸಸ್ಯಶಾಸ್ತ್ರ_ಮೇಷ್ಟ್ರು:

ನಿಮ್ಮ ತಂದೆಯವರು ಕೇಳಿದ ಪ್ರಶ್ನೆ ಬಹಳ ಒಳ್ಳೇದು, ಮೂವತ್ತು ವರ್ಷ ಪಾಠ ಮಾಡಿದ್ದೀನಿ, ಮಕ್ಕಳು ಇಷ್ಟು ನೇರ ಪ್ರಶ್ನೆ ಕೇಳಿದ್ದು ಕಮ್ಮಿ. ಉತ್ತರ ಅವರ ಬಾಯಲ್ಲೇ ಇದೆ. ಸವಾರೊ ಸಸಿ ಬಯಲಲ್ಲಿ ಉಳಿಯೋದು ಬಹಳ ಅಪರೂಪ. ಒಂದು ಹಣ್ಣಲ್ಲಿ ಎರಡು ಸಾವಿರದ ತನಕ ಬೀಜ ಇರುತ್ತೆ, ಅದರಲ್ಲಿ ಬದುಕೋದು ಪಾಲೊ ವರ್ಡೆ ಅಥವಾ ಮೆಸ್ಕೀಟ್ ಅನ್ನೋ ಮರದ ಬುಡದಲ್ಲಿ ಬಿದ್ದದ್ದು, ಅದೂ ಬಹಳ ಅಪರೂಪಕ್ಕೆ. ಆ ಮರ ಬೇಸಿಗೆ ಬಿಸಿಲು ತಡೆಯುತ್ತೆ, ಚಳಿಗಾಲದ ರಾತ್ರಿ ಹಿಮ ಬೀಳದ ಹಾಗೆ ಮುಚ್ಚಿಡುತ್ತೆ, ಪ್ರಾಣಿ ಬಾಯಿಂದ ಬಚ್ಚಿಡುತ್ತೆ. ಅಲ್ಲಿಯವರು ಅದಕ್ಕೆ ದಾದಿ ಮರ ಅನ್ನೋ ಅರ್ಥದ ಹೆಸರೇ ಇಟ್ಟಿದ್ದಾರೆ. ಮೊದಲ ಎಂಟು ವರ್ಷದಲ್ಲಿ ಸಸಿ ಬೆಳೆಯೋದು ಬರೀ ಒಂದು, ಒಂದೂವರೆ ಇಂಚು. ಮೂವತ್ತೈದು ವರ್ಷದ ಹೊತ್ತಿಗೆ ಮೊದಲ ಹೂವು. ಕೈ ಮೂಡೋಕೆ ಐವತ್ತರಿಂದ ಎಪ್ಪತ್ತೈದು ವರ್ಷ, ಒಣ ಜಾಗದಲ್ಲಿ ನೂರೂ ಆಗಬಹುದು. ಆಯಸ್ಸು ನೂರೈವತ್ತು ದಾಟುತ್ತೆ. ಹಾಗಾಗಿ ನಿಮ್ಮ ತಂದೆಯವರಿಗೆ ತೋರಿಸಿ, ಒಂದು ಚೂರು ಕೈ ಚಿಗುರಿರೋ ಗಿಡ ಸಿಕ್ಕಿದ್ರೆ ಅದು ಹೆಚ್ಚು ಕಮ್ಮಿ ಅವರ ವಾರಿಗೆಯದ್ದು.

ಏಪ್ರಿಲ್ ಕೊನೆಗೆ ಪಾಲೊ ವರ್ಡೆ ಹಳದಿ ಹೂ ಬಿಟ್ಟಿರುತ್ತೆ, ತೊಗಟೆಯೇ ಹಸಿರು ಇರೋದ್ರಿಂದ ಗುರುತು ಸುಲಭ. ದೊಡ್ಡ ಸವಾರೊ ಪಕ್ಕದಲ್ಲಿ ಒಣಗಿದ ಮರದ ಅಸ್ಥಿಪಂಜರ ಕಂಡ್ರೆ ಅದು ಬಹಳ ಸಲ ಅದನ್ನ ಸಾಕಿದ ಮರವೇ. ಪೂರ್ವದ ಕಡೆಯ ಕಾಡಲ್ಲಿ ಹಳೇ ಕಾಲದ, ಸುಣ್ಣ ಸುಡೋ ಗೂಡುಗಳ ಅವಶೇಷ ಇವೆ. ಆ ಗೂಡಿಗೆ ಸೌದೆ ಅಂತ ಈ ದಾದಿ ಮರಗಳನ್ನೇ ಕಡಿದ್ರು, ಉಳಿದ ಸಸಿ ದನದ ಕಾಲಡಿ ಹೋಯ್ತು, ಮೇಲಿಂದ ಹಿಮದ ಪೆಟ್ಟು. ದೊಡ್ಡ ಗಿಡಗಳು ಮುಪ್ಪಾಗಿ ಬೀಳ್ತಾ ಹೋದ್ವು, ಅವುಗಳ ಜಾಗಕ್ಕೆ ಬರೋಕೆ ಮರಿ ಇರಲಿಲ್ಲ. 1933ರಲ್ಲಿ ಅಧ್ಯಕ್ಷ ಹೂವರ್ ಅದನ್ನ ರಕ್ಷಿತ ಜಾಗ ಅಂತ ಘೋಷಿಸಿದ್ರು, 1961ರಲ್ಲಿ ಕೆನಡಿ ಕಾಲದಲ್ಲಿ ಪಶ್ಚಿಮದ ಭಾಗ ಸೇರಿತು, ನ್ಯಾಷನಲ್ ಪಾರ್ಕ್ ಆಗಿದ್ದು 1994ರಲ್ಲಿ. ದನ ಮೇಯೋದು ನಿಂತ ಮೇಲೆ ಮರಿಗಳು ಮತ್ತೆ ಕಾಣಿಸ್ಕೊಂಡ್ವು. ಈಗ ಹತ್ತು ವರ್ಷಕ್ಕೊಮ್ಮೆ ಕೂತು ಎಣಿಸ್ತಾರೆ. ಶ್ರೀಗಂಧದ ಹಾಗೆ ಇದನ್ನೂ ಕದೀತಾರೆ, ಮನೆ ಮುಂದೆ ನೆಡೋಕೆ ಕಿತ್ತು ಮಾರೋರು ಇದ್ದಾರೆ, ಅದಕ್ಕೇ ಕೆಲವು ಗಿಡಗಳ ಒಳಗೆ ಮೈಕ್ರೋಚಿಪ್ ಹಾಕಿದ್ದಾರೆ. ನಮ್ಮಲ್ಲಿ ನೆರಳಿನ ಕಾಡುಮರ ಕಡಿದು ಬರೀ ಸಿಲ್ವರ್ ಓಕ್ ನೆಟ್ಟ ತೋಟಗಳನ್ನ ನೋಡ್ದಾಗ ನನಗೆ ಆ ಸುಣ್ಣದ ಗೂಡೇ ನೆನಪಾಗುತ್ತೆ. ನಮಗೆ ಲಂಟಾನ ಹೇಗೋ ಅವರಿಗೆ ಬಫಲ್ ಹುಲ್ಲು, ಮೇವಿಗೆ ಅಂತ ಆಫ್ರಿಕಾ ಕಡೆಯಿಂದ ತಂದಿದ್ದು, ಈಗ ಗಿಡಗಳ ನಡುವೆ ಹಬ್ಬಿ ಬೆಂಕಿ ಹಾಯೋಕೆ ದಾರಿ ಮಾಡ್ತಿದೆ. ಸವಾರೊಗೆ ಬೆಂಕಿ ತಡೆಯೋ ಶಕ್ತಿ ಇಲ್ಲ.

ಎರಡನೇ ಪ್ರಶ್ನೆ. ಬೇಲಿಯ ಕಳ್ಳಿ ಮುರಿದ್ರೆ ಹಾಲು ಬರುತ್ತಲ್ಲ, ಅದು ಕ್ಯಾಕ್ಟಸ್ ಅಲ್ಲ, ಬೇರೆ ಕುಟುಂಬ. ಒಣ ಜಾಗದಲ್ಲಿ ಬದುಕಿ ಬದುಕಿ ನೋಡೋಕೆ ಒಂದೇ ಥರ ಆಗಿದೆ ಅಷ್ಟೇ. ಪಾಪಾಸುಕಳ್ಳಿ ಮಾತ್ರ ನಿಜವಾದ ಕ್ಯಾಕ್ಟಸ್, ಅದು ಅಮೆರಿಕದಿಂದ ಬಂದದ್ದು. ಕ್ಯಾಕ್ಟಸ್ ಕುಟುಂಬ ಪೂರ್ತಿ ಆ ಖಂಡದ್ದೇ, ಒಂದೇ ಒಂದು ಜಾತಿ ಆಫ್ರಿಕಾ, ಶ್ರೀಲಂಕಾದಲ್ಲೂ ತಾನಾಗಿ ಬೆಳೆಯುತ್ತೆ. ಮತ್ತೆ ನಿಮ್ಮ ಮನೆ ಜಗಲೀಲಿ ಬ್ರಹ್ಮಕಮಲದ ಕುಂಡ ಇದ್ದೇ ಇರುತ್ತೆ, ಕೊಡಗಲ್ಲಿ ಇಲ್ಲದ ಮನೆ ಕಮ್ಮಿ. ಅದು ಹಿಮಾಲಯದ ಬ್ರಹ್ಮಕಮಲ ಅಲ್ಲ, ಮೆಕ್ಸಿಕೊ ಕಡೆಯ ಕ್ಯಾಕ್ಟಸ್. ನಾವು ಎಲೆ ಅನ್ನೋದು ಎಲೆಯಲ್ಲ, ಚಪ್ಪಟೆ ಆದ ಕಾಂಡ. ಅದೂ ರಾತ್ರಿ ಅರಳುತ್ತೆ, ಬಿಳಿ ಹೂವೇ. ಸವಾರೊಗೆ ಅದು ದೂರದ ನೆಂಟ. ಈ ಜಾತಿಗಳು ಉಸಿರಾಡೋಕೆ ಮೈ ಮೇಲಿನ ಸಣ್ಣ ರಂಧ್ರ ತೆಗೆಯೋದೂ ರಾತ್ರಿಯೇ, ಹಗಲು ತೆಗೆದ್ರೆ ಇದ್ದ ನೀರೆಲ್ಲ ಬಿಸಿಲಿಗೆ ಹೋಗುತ್ತೆ ಅಂತ.

ಇನ್ನೊಂದು ಮಾತು ತಂದೆಯವರಿಗೆ ಹೇಳಿ. ಆ ನೆಲದ ಮೂಲ ಜನ ಟೊಹೊನೊ ಓಡಮ್, ಜೂನಲ್ಲಿ ಸವಾರೊ ಹಣ್ಣಾದಾಗ ಸತ್ತ ಸವಾರೊದ ಒಳಗಿನ ಉದ್ದ ಗಳುವನ್ನೇ ದೋಟಿ ಮಾಡ್ಕೊಂಡು ಹಣ್ಣು ಉದುರಿಸ್ತಾರೆ, ಪಾರ್ಕ್ ಒಳಗೂ ಅವರಿಗೆ ಆ ಹಕ್ಕು ಇದೆ. ನಮಗೆ ಪುತ್ತರಿ ಸುಗ್ಗಿ ಹಬ್ಬ ಹೇಗೋ ಅವರಿಗೆ ಆ ಕುಯ್ಲು, ಅವರ ಹೊಸ ವರ್ಷವೂ ಆಗಲೇ. ಹಣ್ಣಿನ ರಸ ಹುಳಿ ಬರಿಸಿ ಮಳೆ ಕರೆಯೋ ಆಚರಣೆ ಮಾಡ್ತಾರೆ.

ಕುಶಾಲನಗರ_ಅಮ್ಮ:

ನಮ್ಮ ಮಗ ಅಲ್ಲೇ ಇರೋದು, ಎರಡು ಸಲ ಹೋಗಿದ್ದೀನಿ. ಒಂದು ವಿಷಯ ಯಾರೂ ಹೇಳ್ಲಿಲ್ಲ, ಬಾಚಣಿಗೆ ತಗೊಂಡು ಹೋಗಿ. ಅಲ್ಲಿ ಚೋಯಾ ಅಂತ ಇನ್ನೊಂದು ಕಳ್ಳಿ ಇದೆ, ದೂರದಿಂದ ನೋಡಿದ್ರೆ ಹತ್ತಿ ಮೆತ್ತಿದ ಹಾಗೆ ಮುದ್ದಾಗಿ ಕಾಣುತ್ತೆ, ಬೆಳಗಿನ ಬಿಸಿಲಿಗೆ ಬೆಳ್ಳಿ ಥರ ಹೊಳೆಯುತ್ತೆ, ಚೂರು ತಾಗಿದ್ರೆ ಸಾಕು ಒಂದು ಗೆಣ್ಣು ಕಳಚಿ ಬಂದು ಮೈಗೆ ಕಚ್ಚಿಕೊಳ್ಳುತ್ತೆ. ಮೊಮ್ಮಗನ ಮೀನಖಂಡಕ್ಕೆ ಹತ್ತಿತ್ತು, ನಾನು ಗಾಬರೀಲಿ ಕೈಯಿಂದ ಕೀಳೋಕೆ ಹೋಗಿ ನನ್ನ ಎರಡು ಬೆರಳಿಗೂ ಹತ್ತಿತು, ಮಗು ಅಳು, ನಾನು ಅಳು. ಪಕ್ಕದ ಕಾರಿಂದ ಒಬ್ಬ ಅಜ್ಜಿ ಬಂದು ಬಾಚಣಿಗೆ ಹಲ್ಲನ್ನ ಕಳ್ಳಿ ಮತ್ತೆ ಚರ್ಮದ ಮಧ್ಯೆ ತೂರಿಸಿ ಒಂದೇ ಏಟಿಗೆ ಎತ್ತಿ ದೂರ ಹಾರಿಸಿದ್ರು. ಉಳಿದ ಮುಳ್ಳು ಚಿಮಟದಿಂದ. ನಾವು ತೋಟಕ್ಕೆ ಇಳಿಯುವಾಗ ಜಿಗಣೆಗೆ ಉಪ್ಪು ಸುಣ್ಣ ಇಟ್ಕೊಂಡ ಹಾಗೆ ಅಲ್ಲಿಯವರು ಬ್ಯಾಗಲ್ಲಿ ಬಾಚಣಿಗೆ ಇಟ್ಟಿರ್ತಾರೆ. ಚಪ್ಪಲಿ ಬೇಡ, ಮುಚ್ಚಿದ ಶೂ ಹಾಕ್ಸಿ. ಸಂಜೆ ಹೊತ್ತು ವಿಷದ ಗಿಲಕಿ ಹಾವು (ರ್ಯಾಟಲ್‌ಸ್ನೇಕ್) ಬರುತ್ತೆ, ಕಲ್ಲಿನ ಸಂದಿ ಹತ್ರ ಅಪ್ಪನ್ನ ಕೂರಿಸ್ಬೇಡಿ.

ದಿನ ಉಳಿದ್ರೆ ಮೆಕ್ಸಿಕೊ ಗಡಿ ಹತ್ರ ಆರ್ಗನ್ ಪೈಪ್ ಕ್ಯಾಕ್ಟಸ್ ಅಂತ ಇನ್ನೊಂದು ರಕ್ಷಿತ ಜಾಗ ಇದೆ, 1937ರಿಂದ ಇದೆ ಅಂತೆ. ಅಲ್ಲಿನ ಕಳ್ಳಿಗೆ ನಡುಕಾಂಡ ಇಲ್ಲ, ಬುಡದಿಂದಲೇ ಹತ್ತಿಪ್ಪತ್ತು ಕೊಂಬು ಬಿದಿರು ಮೆಳೆ ಹಾಗೆ ಎದ್ದಿರುತ್ತೆ. ಅಲ್ಲಿ ‘ಅಹೊ ಮೌಂಟನ್ ಡ್ರೈವ್’ 21 ಮೈಲಿ, ಹೆಚ್ಚಿನದು ಜಲ್ಲಿ ರೋಡು, ಫೋನ್ ಸಿಗ್ನಲ್ ನಂಬೋ ಹಾಗಿಲ್ಲ. ನಮಗೆ ಬಹಳ ಇಷ್ಟ ಆಯ್ತು, ಆದ್ರೆ ಮಂಡಿ ನೋವಿನವರಿಗೆ ಆ ಕುಲುಕಾಟ ನಾನು ಹೇಳಲ್ಲ.

ನಾಪೋಕ್ಲು_ಟು_ಟೂಸಾನ್:

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ, ನನ್ನ ಕಾರಲ್ಲಿ ಆರು ವರ್ಷವೂ ಒಂದು ಬಾಚಣಿಗೆ ಇತ್ತು.

ಮಳೆಪುಸ್ತಕದವರೇ, ಅಪ್ಪಂಗೆ ಒಂದು ಲೆಕ್ಕ ಕೊಡ್ತೀನಿ. ಟೂಸಾನಲ್ಲಿ ವರ್ಷಕ್ಕೆ ಬರೋ ಮಳೆ ಸುಮಾರು 11 ಇಂಚು. ನಮ್ಮ ಜುಲೈಯ ಒಂದು ಜೋರು ವಾರಕ್ಕೆ ಅಷ್ಟೇ. ಅದೂ ಎರಡು ಕಂತಲ್ಲಿ, ಚಳಿಗಾಲದಲ್ಲಿ ಮೆಲ್ಲಗೆ ಸ್ವಲ್ಪ, ಜುಲೈಯಿಂದ ಸೆಪ್ಟೆಂಬರ್ ಒಳಗೆ ಗುಡುಗು ಸಿಡಿಲಿನ ಜೊತೆ ಸ್ವಲ್ಪ, ಅದಕ್ಕೂ ಮಾನ್ಸೂನ್ ಅಂತಾನೇ ಕರೀತಾರೆ. ಮಳೆ ಬರೋ ಮುಂಚೆ ಕ್ರಿಯೋಸೋಟ್ ಅನ್ನೋ ಪೊದೆಯಿಂದ ಒಂದು ವಾಸನೆ ಬರುತ್ತೆ, ಕಾಫಿ ಹೂ ಅರಳಿಸೋ ನಮ್ಮ ಹೂಮಳೆಗೆ ಮಣ್ಣಿಂದ ಬರೋದು ಬೇರೆ, ಇದು ಸ್ವಲ್ಪ ಔಷಧಿ ಥರ. ನೀವು ಹೋದಾಗ ಮಳೆ ಸಿಗೋದು ಕಷ್ಟ. ಆ ಪೊದೆಯ ಎಲೆ ಹತ್ರ ಹೋಗಿ ಕೈಯಲ್ಲಿ ಮುಚ್ಚಿ ಬಾಯಿಂದ ಬಿಸಿ ಉಸಿರು ಬಿಟ್ಟು ಮೂಸಿ ನೋಡೋಕೆ ಹೇಳಿ, ಕೀಳೋದು ಬೇಡ, ಆ ವಾಸನೆ ಬಂದೇ ಬರುತ್ತೆ. ನನಗೆ ಇದನ್ನ ಹೇಳಿಕೊಟ್ಟಿದ್ದು ಪಾರ್ಕಿನ ರೇಂಜರ್ ಒಬ್ಬರು.

ಮಳೆಪುಸ್ತಕ_ಸೋಮವಾರಪೇಟೆ:

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಎಲ್ಲ ರಿಪ್ಲೈ ಅಪ್ಪಂಗೆ ಒಂದೊಂದಾಗಿ ಓದಿದೆ, ಅಮ್ಮನೂ ಅಡುಗೆ ಮನೆ ಕೆಲಸ ಬಿಟ್ಟು ಬಂದು ಕೂತು ಕೇಳಿದ್ರು. ಮೇಷ್ಟ್ರು ಬ್ರಹ್ಮಕಮಲದ ವಿಷಯ ಹೇಳಿದ್ದು ಬಂದಾಗ ಅಪ್ಪ ಟಾರ್ಚ್ ಹಿಡ್ಕೊಂಡು ಜಗಲಿಗೆ ಹೋಗಿ ಆ ಕುಂಡದ ಮುಂದೆ ಬಗ್ಗಿ ಕಾಂಡದ ಅಂಚು ಸವರಿ ನೋಡಿದ್ರು. ಅದು ಅಜ್ಜಿ ತವರಿಂದ ಒಂದು ತುಂಡು ತಂದು ನೆಟ್ಟಿದ್ದಂತೆ, ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಪ್ಲಾನ್ ಹೀಗೆ: ಏಪ್ರಿಲ್ 27ಕ್ಕೆ ಬೆಂಗಳೂರಿಂದ ಹೊರಡೋದು, ಮೊದಲ ವಾರ ತಂಗಿ ಮನೇಲಿ ಸುಧಾರಿಸ್ಕೊಂಡು ಮೇ ಎರಡನೇ ವಾರ ಟೂಸಾನಲ್ಲಿ ಎರಡು ರಾತ್ರಿ. ಒಂದು ಬೆಳಗ್ಗೆ ಪೂರ್ವದ ಲೂಪ್, ಸೂರ್ಯ ಹುಟ್ಟೋ ಮುಂಚೆ ಗೇಟ್ ಹತ್ರ ಇರೋದು. ಇನ್ನೊಂದು ಬೆಳಗ್ಗೆ ಮ್ಯೂಸಿಯಂ, ಆಗಿದ್ರೆ ತಂಗಿ ಕಾರಲ್ಲೇ ಮಣ್ಣಿನ ರೋಡ್ ಸ್ವಲ್ಪ ದೂರ. ಮಧ್ಯಾಹ್ನ ರೂಮಲ್ಲೇ. ಕಾರ್ ತಂಗಿನೇ ಓಡಿಸ್ತಾಳೆ, ನಾನು ಬಲ ಬಲ ಅಂತ ಹೇಳೋ ಕೆಲಸವೂ ಇಲ್ಲ, ಆರಾಮಾಗಿ ಅಪ್ಪನ ಪಕ್ಕ ಹಿಂದೆ ಕೂರ್ತೀನಿ. ಬಾಚಣಿಗೆ ಎರಡು ಇಟ್ಟಾಗಿದೆ.

ಒಂದೇ ಒಂದು ವಿಷಯ ಬಾಕಿ. ಇಲ್ಲಿ ಇಲ್ಲದ ದಿನ ಮಳೆ ಅಳೆಯೋರು ಯಾರು ಅಂತ ಅಪ್ಪ ಚಿಂತೆ ಮಾಡ್ತಿದ್ರು. ಅಮ್ಮ, ನಾನು ಅಳೆದಿಡ್ತೀನಿ ಅಂದ್ರು. ಇವತ್ತು ಬೆಳಗ್ಗೆ ಎಂಟು ಗಂಟೆಗೆ ಇಬ್ಬರೂ ರೈನ್‌ಗೇಜ್ ಹತ್ರ ನಿಂತಿದ್ರು, ಮಳೆ ಬಂದಿರಲಿಲ್ಲ, ಆದ್ರೂ ಅಪ್ಪ ಅಳತೆ ಗ್ಲಾಸಿಗೆ ಒಂದು ಲೋಟ ನೀರು ಹಾಕಿ ಎಲ್ಲಿ ಕಣ್ಣಿಟ್ಟು ಓದ್ಬೇಕು, ಸೆಂಟ್ ಗೆರೆ ಯಾವುದು ಅಂತ ಅಮ್ಮಂಗೆ ತೋರಿಸ್ತಿದ್ರು.